ಹತ್ತನೆಯ ನರ ಮತ್ತು ಎಡ ಅಂಗೈ

ಇಪ್ಪತ್ತೆಂಟು ವರ್ಷ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ತಲೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಹತ್ತನೆಯದರ ಹೆಸರು ವೇಗಸ್. ಕುತ್ತಿಗೆಯಲ್ಲಿಳಿದು ಹೃದಯ, ಶ್ವಾಸಕೋಶ, ಹೊಟ್ಟೆ ಎಂದು ಕಂಡಕಂಡಲ್ಲಿ ತಿರುಗುವುದರಿಂದ ಅದಕ್ಕೆ ಅಲೆಮಾರಿ ನರ ಅನ್ನುತ್ತಾರೆ ಎಂದು ಮಕ್ಕಳಿಂದ ಬರೆಸುತ್ತಿದ್ದೆ. ಪರೀಕ್ಷೆಗೆ ಬಂದರೆ ಒಂದು ಅಂಕ. ಅದರ ಒಂದು ಎಳೆ ಕಿವಿಯ ಚರ್ಮದವರೆಗೂ ಬರುತ್ತದೆ ಎಂಬುದು ನಮ್ಮ ಪುಸ್ತಕದಲ್ಲಿರಲಿಲ್ಲ, ಇದ್ದಿದ್ದರೂ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಕಿವಿಯ ವಿಷಯದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದನ್ನು ಹಿಂಡುವುದು.

ನಿವೃತ್ತಿಯಾದ ಮೂರನೆಯ ವರ್ಷ, ಕಬ್ಬಿನ ಟ್ರ್ಯಾಕ್ಟರುಗಳು ಹೆದ್ದಾರಿ ತುಂಬ ಓಡಾಡುವ ಕಾಲದಲ್ಲಿ, ಒಂದು ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಜಡೆ ಹೆಣೆದುಕೊಳ್ಳುತ್ತ ನಿಂತಿದ್ದೆ. ಎಡಗೈ ತಲೆಯ ಹಿಂದಿನಿಂದ ತಾನಾಗಿಯೇ ಕೆಳಗಿಳಿಯಿತು. ಮೇಲೆ ಹೋಗು ಅಂದೆ, ಹೋಗಲಿಲ್ಲ. ಬಿಪಿ ಗುಳಿಗೆಗೆ ಒಮ್ಮೆ ಅಂಟಿಕೊಂಡರೆ ಜೀವಮಾನ ಬಿಡುವುದಿಲ್ಲ ಎಂದು ಮನೆಯವರಿಗೆಲ್ಲ ಭಾಷಣ ಮಾಡಿ ನಾನೇ ಅದನ್ನು ನಾಲ್ಕು ತಿಂಗಳ ಹಿಂದೆ ಬಿಟ್ಟಿದ್ದೆ. ಕಲಬುರಗಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಮಿದುಳಿನ ಬಲಭಾಗದಲ್ಲಿ ರಕ್ತ ಕಟ್ಟಿ ಎಡ ಅಂಗಕ್ಕೆ ಹೊಡೆದಿದೆ ಅಂದರು. ಕಾಲು ಬೇಗ ಬಂತು. ಮಾತು ಹೋಗಲೇ ಇಲ್ಲ, ಹೋಗಿದ್ದರೆ ಮನೆಯವರಿಗೆ ಕೆಲವು ದಿನವಾದರೂ ಆರಾಮಿರುತ್ತಿತ್ತು. ಕೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಹತ್ತಿಕೊಂಡೇ ಉಳಿಯಿತು.

ಎಡಗೈ ಇಲ್ಲದೆ ಏನೇನು ನಿಲ್ಲುತ್ತದೆ ಎಂದು ಮೊದಮೊದಲು ಪಟ್ಟಿ ಮಾಡಿದೆ. ಸೀರೆಯ ನಿರಿಗೆ, ರೊಟ್ಟಿ ಬಡಿಯುವುದು, ತಲೆ ಬಾಚುವುದು. ಸೊಸೆ ಉಡಿಸುತ್ತಿದ್ದಳು, ಬಾಚುತ್ತಿದ್ದಳು. ರೊಟ್ಟಿಯನ್ನು ಅವಳು ಮೊದಲಿಂದಲೂ ನನಗಿಂತ ಚೆನ್ನಾಗಿ ಬಡಿಯುತ್ತಿದ್ದಳು, ಅದನ್ನು ಈಗ ಒಪ್ಪಿಕೊಂಡೆ. ಇವೆಲ್ಲಕ್ಕೂ ಹೊಂದಿಕೊಂಡೆ. ಒಂದಕ್ಕೆ ಮಾತ್ರ ಆಗಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದಿನಾ ಸ್ನಾನ ಮುಗಿಸಿ ಅದನ್ನು ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಿ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂಡುವುದು ಪದ್ಧತಿ. ಇನ್ನೊಬ್ಬರ ಕೈಗೆ ಅದನ್ನು ಕೊಡುವುದಿಲ್ಲ, ನೆಲಕ್ಕೆ ಬೀಳಗೊಡುವುದಿಲ್ಲ. ನನ್ನ ಭಕ್ತಿ ಅಷ್ಟಕ್ಕಷ್ಟೇ. ಎಷ್ಟೋ ದಿನ ಪೂಜೆಗೆ ಕೂತು ಆಕಳಿಸಿದ್ದೇನೆ, ಶಾಲೆಗೆ ತಡವಾಗುತ್ತದೆ ಎಂದು ಎರಡು ನಿಮಿಷದಲ್ಲಿ ಎದ್ದಿದ್ದೇನೆ. ಆದರೆ ಏಳನೆಯ ವಯಸ್ಸಿನಿಂದ ಆ ಅಂಗೈ ದಿನಾ ಒಮ್ಮೆ ಬಟ್ಟಲಿನಂತೆ ತೆರೆದು ಆ ತೂಕ ಹೊತ್ತಿತ್ತು. ಈಗ ಬಲಗೈ ಮೇಲಿಟ್ಟುಕೊಂಡರೆ ಪಕ್ಕದ ಮನೆಯ ಜಗಲಿಯ ಮೇಲೆ ಕೂತಂತೆ ಆಗುತ್ತಿತ್ತು. ನೋಡಲು ಬಂದವರೆಲ್ಲ ಕೈ ಯಾವುದಾದರೇನು, ಭಾವ ಮುಖ್ಯ ಅಂದರು. ಎರಡೂ ಕೈ ನೆಟ್ಟಗಿದ್ದವರು ಹೇಳಿದ ಮಾತು ಅದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಡ ಅಂಗೈ ಮೇಲೆ ಲಿಂಗ ಹಿಡಿದು ಒಂದು ಪೂಜೆ ಮುಗಿಸಬೇಕು, ನನಗೆ ಬೇಕಾಗಿದ್ದು ಅದೊಂದೇ. ಭಕ್ತಿ ಅನ್ನುವುದಕ್ಕಿಂತ ಹಠ ಅನ್ನಿ.

ಹುಮನಾಬಾದಿನಲ್ಲಿ ಒಂದು ನರರೋಗದ ದವಾಖಾನೆ ಇದೆ, ಕಿವಿಗೆ ಕರೆಂಟು ಕೊಟ್ಟು ಕೈ ಬರಿಸುವ ಪ್ರಯೋಗ ಮಾಡುತ್ತಿದ್ದಾರೆ ಎಂದು ಕಲಬುರಗಿಯ ಡಾಕ್ಟರೇ ಹೇಳಿದರು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಒಂದು ಕ್ಲಿಪ್ಪು ಅಷ್ಟೆ. ನಮ್ಮ ಮನೆಯವರದು, ಅಂದರೆ ನನ್ನ ಗಂಡನದು, ಬಟ್ಟೆ ಅಂಗಡಿ. ಅದನ್ನು ಮಗ ನೋಡಿಕೊಳ್ಳತೊಡಗಿದ ಮೇಲೆ ಅವರಿಗೆ ಫುರಸತ್ತಿತ್ತು. ವಾರಕ್ಕೆ ಮೂರು ದಿನ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟರು. ಸಸ್ತಾಪುರ ಬಂಗ್ಲಾ ದಾಟಿ, ರಾಜೇಶ್ವರ ದಾಟಿ, ಕೆಮಿಕಲ್ ಕಾರ್ಖಾನೆಗಳ ವಾಸನೆ ಮೂಗಿಗೆ ಬಂತೆಂದರೆ ಹುಮನಾಬಾದ್ ಬಂತೆಂದೇ ಲೆಕ್ಕ. ಹೆಂಗಸರಿಗೆ ಬಸ್ಸು ಪುಕ್ಕಟೆ, ನನಗೆ ಟಿಕೆಟ್ ಇಲ್ಲ, ಅವರಿಗೆ ಇದೆ. ಸೀಟು ಮಾತ್ರ ಇಬ್ಬರಿಗೂ ಸಿಗುತ್ತಿರಲಿಲ್ಲ. ಮಡಚಿದ ಕೈ ನೋಡಿ ಯಾರಾದರೂ ಎದ್ದು ನಿಂತರೆ ನನಗೆ ಸಿಟ್ಟು ಬರುತ್ತಿತ್ತು, ಎದ್ದು ನಿಲ್ಲದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು.

ದವಾಖಾನೆ ಔಷಧ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು, ಮಿಕ್ಕ ದಿನ ಫಿಜಿಯೋಥೆರಪಿ ಮಾಡುವ ಹುಡುಗಿಯದೇ ಕಾರುಬಾರು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಕಡಿಮೆ ಮಾತು, ಗಟ್ಟಿ ಕೈ. ಮೊದಲ ದಿನ ನನ್ನ ಬೆರಳುಗಳನ್ನು ಒಂದೊಂದೇ ಬಿಡಿಸುತ್ತಿದ್ದಾಗ ಊರು ಯಾವುದು ಎಂದು ಕೇಳಿದೆ.

"ಹಳ್ಳಿಖೇಡ್ ಬಿ ರಿ."

"ಯಾರ ಪೈಕಿ?"

"ಬೌದ್ಧರ್ರಿ. ನಮ್ಮಪ್ಪ ಕಬ್ಬು ಕಡೀಲಿಕ್ಕ ಹೋಗ್ತಾನ್ರಿ," ಎಂದು ಹೇಳಿ ಹೆಬ್ಬೆರಳಿಗೆ ಬಂದಳು.

ನಮ್ಮ ಕಡೆ ಜಾತಿ ಕೇಳುವ ಈ ಪ್ರಶ್ನೆಯನ್ನು ಬಂದವರಿಗೆ ನೀರು ಕೊಟ್ಟಷ್ಟು ಸಹಜವಾಗಿ ಕೇಳುತ್ತಾರೆ. ಕೇಳುವವರ ಕಡೆ ಹುಟ್ಟಿದವರಿಗೆ ಅದು ಉಪಚಾರದ ಮಾತು. ಬೌದ್ಧ ಧರ್ಮ ಸೇರಿದ ದಲಿತರು ತಮ್ಮನ್ನು ಹಾಗೆ ಹೇಳಿಕೊಳ್ಳುತ್ತಾರೆ. ಉತ್ತರ ಕೇಳಿ ನನಗೇನಾಗಬೇಕಿತ್ತೋ ಗೊತ್ತಿಲ್ಲ. ಅವಳಂತೂ ಮುಖ ಗಂಟು ಹಾಕಲಿಲ್ಲ, ಕೆಲಸ ನಿಲ್ಲಿಸಲೂ ಇಲ್ಲ. ನನ್ನನ್ನು ಅಕ್ಕೋರು ಎಂದು ಕರೆಯತೊಡಗಿದಳು, ಟೀಚರುಗಳನ್ನು ಇಲ್ಲಿ ಹಾಗೆಯೇ ಕರೆಯುತ್ತಾರೆ.

ಕಿವಿಯ ತೂತಿನ ಮೇಲ್ಗಡೆ ಒಂದು ಸಣ್ಣ ಕುಳಿಯಿದೆ. ಅಲ್ಲಿಗೆ ಒಂದಿಷ್ಟು ನೀರಿನಂಥ ಪೇಸ್ಟು ಹಚ್ಚಿ ಕ್ಲಿಪ್ಪು ಕೂರಿಸಿದಳು.

"ಕಿವ್ಯಾಗ ಕಡ್ಡಿ ಹಾಕಿದ್ರ ಕೆಮ್ಮು ಬರ್ತದಲ್ರಿ ಅಕ್ಕೋರ, ಅದು ಇದೇ ನರದ್ದು ಕೆಲಸ. ಈಗ ಇರಿವಿ ಹರದಾಡಿದಂಗ ಆಗ್ತದ. ಉರಿ ಆದ್ರ ಹೇಳ್ರಿ, ಕಮ್ಮಿ ಮಾಡ್ತೀನಿ."

ಕಿವಿಗೆ ಕಡ್ಡಿ ಹಾಕಿದರೆ ಕೆಮ್ಮು ಬರುವುದು ನನ್ನ ಅನುಭವವೇ. ಅದಕ್ಕೂ ಹತ್ತನೆಯ ನರಕ್ಕೂ ಸಂಬಂಧವಿದೆಯೆಂದು ಅರವತ್ತೆರಡನೆಯ ವಯಸ್ಸಿಗೆ ತಿಳಿಯಿತು. ಇರುವೆ ಹರಿದಾಡಿತು. ಅವಳ ಎಡಗೈಯಲ್ಲಿ ಯಂತ್ರದ ಒಂದು ಗುಂಡಿ ಇತ್ತು. ಬೆರಳು ಬಿಚ್ಚ್ರಿ ಅನ್ನುವಳು, ನಾನು ಹಲ್ಲು ಕಚ್ಚಿ ಬಿಚ್ಚಲು ನೋಡುವೆನು, ಬೆರಳು ಎಳ್ಳಷ್ಟು ಕದಲಿದ ಕೂಡಲೇ ಗುಂಡಿ ಒತ್ತುವಳು. ಒತ್ತಿದಾಗ ಮಾತ್ರ ಕಿವಿಯಲ್ಲಿ ಇರುವೆ. ದಿನಕ್ಕೆ ಇನ್ನೂರು ಸಲ ಇದೇ ಆಟ.

ಶುರುವಿನಲ್ಲಿ ಮತ್ತು ಆಮೇಲೆ ವಾರ ಬಿಟ್ಟು ವಾರ ತಲೆಗೆ ತೂತುತೂತಿನ ಒಂದು ಟೊಪ್ಪಿಗೆ ಹಾಕಿ ಮಿದುಳಿನ ಅಲೆಗಳನ್ನು ಬರೆದುಕೊಳ್ಳುತ್ತಿದ್ದರು. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಕ್ಲಿಪ್ಪು ಹಾಕುವ ಮೊದಲು ಒಂದು ರೀತಿ, ಹಾಕಿದ ಮೇಲೆ ಇನ್ನೊಂದು ರೀತಿ. ನನಗೆ ಎರಡೂ ನಮ್ಮ ಶಾಲೆಯ ಮಕ್ಕಳು ಬರೆದ ಕಾಗೆಕಾಲು ಗುಬ್ಬಿಕಾಲು ಅಕ್ಷರದಂತೆ ಕಂಡವು. ಏನರ್ಥ ಎಂದು ಕೇಳಿದೆ.

"ಅಲಿ ಬದಲಾಗೋದು ಖರೆ. ಎಲ್ಲಾರಿಗೂ ಒಂದೇ ಥರ ಬದಲಾಗಂಗಿಲ್ಲ. ಇಂಥಾ ಅಲಿ ಬಂದ್ರ ಇಂಥಾ ಫಾಯದೆ ಅಂತ ಹೇಳೂವಷ್ಟು ನಮಗಿನ್ನೂ ತಿಳಿದಿಲ್ರಿ," ಅಂದರು ಡಾಕ್ಟರು.

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರನ್ನು ನಾನು ಮೊದಲ ಸಲ ನೋಡಿದ್ದು. ಹೊಡೆತ ಬಿದ್ದ ಮೊದಲ ಆರು ತಿಂಗಳು ಮಿದುಳು ಹೆಚ್ಚು ಕಲಿಯುತ್ತದೆ, ಆಮೇಲೆ ಕಲಿಕೆ ನಿಧಾನ ಎಂದೂ ಹೇಳಿದರು. ಅದನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಂಡೆ. ಎರಡು ತಿಂಗಳು ಆಗಲೇ ಕಳೆದಿದ್ದವು.

ಮೂರು ವಾರದಲ್ಲಿ ತೋರುಬೆರಳು, ನಡುಬೆರಳು ಅರ್ಧ ಬಿಚ್ಚತೊಡಗಿದವು. ದಿನಾ ಮಾಡಿದರೆ ಇನ್ನೂ ಒಳ್ಳೆಯದೆಂದು ಒಂದು ಯಂತ್ರವನ್ನು ಮನೆಗೆ ಕೊಟ್ಟರು. ನಮ್ಮ ಮನೆಯವರಿಗೆ ಹುಡುಗಿ ಎಲ್ಲ ಹೇಳಿಕೊಟ್ಟಳು. ಕೈಯಿಂದ ಕೆಲಸ ಮಾಡಿಸುವಾಗಲೇ ಗುಂಡಿ ಒತ್ತಬೇಕು, ಸುಮ್ಮನೆ ಹಾಕಿಕೊಂಡು ಕೂಡಬಾರದು. ಇನ್ನು ಆರು ವಾರಕ್ಕೆ ಬಂದು ತೋರಿಸಿದರೆ ಸಾಕು ಅಂದಳು.

ಇಲ್ಲಿಂದ ಮುಂದಿನ ತಪ್ಪು ಪೂರ್ತಿ ನನ್ನದು. ಬೇರೆ ಯಾರಾದರೂ ಮಾಡಿದ್ದರೆ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ವೇಗಸ್ ನರ ಹೃದಯದ ಓಟವನ್ನು ತಗ್ಗಿಸುತ್ತದೆ. ಇದು ನಾನು ಕಲಿಸಿದ ಪಾಠ, ಅನುಮಾನವಿಲ್ಲ. ಪೂಜೆಗೆ ಕೂತು ಉಸಿರು ನಿಧಾನ ಮಾಡಿದಾಗಲೂ ನಾಡಿ ತಗ್ಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಫಲ ಇಮ್ಮಡಿ ಆಗಬೇಕಲ್ಲ ಎಂದು ಒಂದು ಬೆಳಿಗ್ಗೆ ಹೊಳೆಯಿತು. ಇಷ್ಟು ಸುಲಭದ್ದು ಆ ದವಾಖಾನೆಯವರಿಗೆ ಹೊಳೆದಿಲ್ಲವಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ಯಂತ್ರದಲ್ಲಿ ಗುಂಡಿ ಒತ್ತದೆ ತಾನೇ ನಡೆಯುವ ಒಂದು ಏರ್ಪಾಡೂ ಇತ್ತು. ಅದಕ್ಕೆ ಹಚ್ಚಿಬಿಟ್ಟೆ. ಬೆಳಿಗ್ಗೆ ಸ್ನಾನ, ವಿಭೂತಿ, ಕಿವಿಗೆ ಕ್ಲಿಪ್ಪು, ಬಲ ಅಂಗೈ ಮೇಲೆ ಲಿಂಗ. ಅಲುಗಾಡದೆ ಮುಕ್ಕಾಲು ತಾಸು.

ಮನೆಯವರು ಒಂದೆರಡು ಸಲ ಕೇಳಿದರು. "ಆ ಹುಡುಗಿ ಕೈ ಆಡಸೂವಾಗ ಹಚ್ಚ್ರಿ ಅಂದಿತ್ತಲ್ಲ?"

"ಸೈನ್ಸ್ ಟೀಚರ್ ಇದ್ದಾಕಿ ನಾನೋ ನೀವೋ?" ಅಂದೆ.

ಅವರಿಗೆ ಒಳಗೊಳಗೆ ಖುಷಿಯಾಗಿತ್ತು. ಮೂವತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿ ಮುಕ್ಕಾಲು ತಾಸು ಪೂಜೆಗೆ ಕೂತದ್ದನ್ನು ಅವರು ಕಂಡಿದ್ದೇ ಈಗ. ನಾನು ಒಂದು ನೋಟುಬುಕ್ಕಿನಲ್ಲಿ ಗೆರೆ ಹಾಕಿ ಪೂಜೆಗೆ ಮೊದಲಿನ ನಾಡಿ, ಆಮೇಲಿನ ನಾಡಿ ಬರೆದಿಟ್ಟೆ. ದಿನಾ ತಗ್ಗುತ್ತಿತ್ತು. ನಿದ್ದೆ ಚೆನ್ನಾಗಿ ಬರುತ್ತಿತ್ತು, ಸೊಸೆಯ ಮೇಲೆ ರೇಗುವುದೂ ಕಡಿಮೆಯಾಗಿತ್ತು. ಆರು ವಾರದ ಪುಸ್ತಕ ಹಿಡಿದು ಒಳ್ಳೆಯ ಅಂಕ ಬರುವುದು ಖಾತ್ರಿಯಿದ್ದವಳಂತೆ ಹುಮನಾಬಾದಿಗೆ ಹೋದೆ.

ಟೊಪ್ಪಿಗೆ ಹಾಕಿದರು, ಅಲೆ ಬರೆದುಕೊಂಡರು, ಕೈಯ ಪರೀಕ್ಷೆ ಮಾಡಿದರು. ಸುಮ್ಮನೆ ಕೂತಾಗಿನ ಅಲೆ ಶಾಂತವಾಗಿದೆ ಅಂದರು ಡಾಕ್ಟರು. ಆದರೆ ಎಡಗೈ ಬಿಚ್ಚು ಎಂದಾಗ ಮಿದುಳಿನ ಬಲಭಾಗ ಏಳಬೇಕಾದಷ್ಟು ಏಳುತ್ತಿಲ್ಲ. ಅರ್ಧ ಬಿಚ್ಚುತ್ತಿದ್ದ ಎರಡು ಬೆರಳೂ ಮತ್ತೆ ಮಡಚಿಕೊಂಡಿದ್ದವು. ಅದು ನನಗೂ ಕಂಡಿತ್ತು. ಚಳಿಗೆ ಹಾಗಾಗಿದೆ ಎಂದು ನಾನೇ ಕಾರಣ ಕೊಟ್ಟುಕೊಂಡಿದ್ದೆ. ಹುಡುಗಿ ನನ್ನ ನೋಟುಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ ವಾಪಸ್ಸು ಕೊಟ್ಟಳು.

"ಐತ್ವಾರ ನನಗ ಕಲ್ಯಾಣದಾಗ ಇನ್ನೊಂದು ಪೇಶಂಟ್ ಅದರಿ. ಹಂಗೇ ನಿಮ್ಮ ಮನಿಗೆ ಬರ್ತೀನಿ. ಮನ್ಯಾಗ ಹ್ಯಾಂಗ ಮಾಡ್ತೀರಿ, ಅದನ್ನ ನೋಡ್ತೀನಿ," ಅಂದಳು.

ಭಾನುವಾರ ಬೆಳಿಗ್ಗೆ ಬಂದಳು. ಚಹಾ ಕೊಟ್ಟೆವು, ಎಲ್ಲರಿಗೂ ಕೊಡುವ ಕಪ್ಪಿನಲ್ಲೇ ಕೊಟ್ಟೆವು. ಅಷ್ಟಕ್ಕೇ ನಾವು ಬಹಳ ಮುಂದೆ ಬಂದವರು ಎಂದು ನನ್ನ ತಿಳಿವಳಿಕೆ. ಸಮಾನತೆಯ ಮೇಲೆ ಶಾಲೆಯಲ್ಲಿ ವರ್ಷಕ್ಕೊಮ್ಮೆ ಭಾಷಣ ಮಾಡಿದವಳು ನಾನು, ಕಲ್ಯಾಣದವರಿಗೆ ಆ ಭಾಷಣ ಬಾಯಿಪಾಠ. ಆಮೇಲೆ ಎಂದಿನಂತೆ ಕ್ಲಿಪ್ಪು ಹಾಕಿಕೊಂಡು ಪೂಜೆಗೆ ಕೂತೆ. ಅವಳು ಬಾಗಿಲ ಹತ್ತಿರ ಗೋಡೆಗೆ ಬೆನ್ನು ಹಚ್ಚಿ ಕೂತು ಮುಕ್ಕಾಲು ತಾಸು ನೋಡಿದಳು. ನಾನು ತಲೆ ಎತ್ತಿದಾಗ ಅವಳು ಕೇಳಿದ್ದು ಒಂದೇ.

"ಅಕ್ಕೋರ, ಎಡಗೈ ಎಲ್ಲದರಿ?"

ಎಡಗೈ ಸೆರಗಿನ ಕೆಳಗಿತ್ತು. ಪೂಜೆಗೆ ಅಡ್ಡವಾಗದಿರಲಿ ಎಂದು ನಾನೇ ದಿನಾ ಅದನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚುತ್ತಿದ್ದೆ.

ಅವಳು ಹತ್ತಿರ ಬಂದು ಕೂತಳು. "ಈ ಮಶಿನ್ ಕೈಗೆ ಏನೂ ಮಾಡಂಗಿಲ್ರಿ. ಇದು ನಡದಾಗ ನೀವು ಏನ್ ಮಾಡಾಕತ್ತಿರ್ತೀರಿ, ಅದನ್ನ ಗಟ್ಟಿ ಮಾಡ್ಕೋ ಅಂತ ಮಿದುಳಿಗೆ ಹೇಳ್ತದ. ಆರು ವಾರ ನೀವು ಬಲಗೈ ಹಿಡದು, ಎಡಗೈ ಮುಚ್ಚಿಟ್ಟು ಕುಂತೀರಿ. ಅದು ಬರೋಬ್ಬರಿ ಅದನ್ನೇ ಕಲ್ತದ."

ದನಿಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ನಾನು ಮೊದಲು ಮನೆಯವರ ಕಡೆ ತಿರುಗಿ ನೀವಾದರೂ ಗಟ್ಟಿಯಾಗಿ ಹೇಳಬಾರದಿತ್ತೇ ಎಂದು ಕೂಗಾಡಿದೆ. ಅವರು ಹೇಳಿದ್ದರು. ಆ ಹುಡುಗಿಯ ಎದುರಿಗೇ ನನಗೆ ಅಳು ಬಂತು. ಆರು ತಿಂಗಳಲ್ಲಿ ಆರು ವಾರ ಕಳೆದಿದ್ದೆ, ಕಳೆದಿದ್ದೂ ಅಲ್ಲ, ತಿರುಗಾಮುರುಗಾ ಪಾಠ ಮಾಡಿದ್ದೆ. ಇಪ್ಪತ್ತೆಂಟು ವರ್ಷ ಇನ್ನೂ ಎಷ್ಟು ತಪ್ಪು ಕಲಿಸಿದ್ದೆನೋ ಎಂಬ ಯೋಚನೆಯೂ ಬಂತು, ಅದನ್ನು ಬೇಗ ಬಿಟ್ಟೆ.

ಆ ದಿನದಿಂದ ಎಡಗೈಗೆ ನಿಂಬೆಹಣ್ಣು. ಅಂಗೈ ಮೇಲೆ ಇಟ್ಟುಕೊಂಡು ಬೆರಳು ಬಿಚ್ಚಿ ಹಿಡಿಯಬೇಕು, ಹಿಡಿದಾಗ ಮನೆಯವರು ಗುಂಡಿ ಒತ್ತಬೇಕು. ನಿಂಬೆಹಣ್ಣು ದಿನಕ್ಕೆ ನಲವತ್ತು ಸಲ ಬೀಳುತ್ತಿತ್ತು, ಕಪಾಟಿನ ಕೆಳಗೆ, ಮಂಚದ ಕೆಳಗೆ. ಮೊಣಕಾಲು ನೋವಿನ ಮನುಷ್ಯ ನಲವತ್ತು ಸಲವೂ ಬಗ್ಗಿ ಎತ್ತಿ ಕೊಡುತ್ತಿದ್ದರು. ಅವರು ಆ ದಿನಗಳಲ್ಲಿ ಒಮ್ಮೆಯೂ ಬೇಸರ ಮಾಡಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಭಾನುವಾರ ಹುಡುಗಿ ಬಂದು ನೋಡುತ್ತಿದ್ದಳು. ನಿಂಬೆಹಣ್ಣು ಐದು ಎಣಿಸುವಷ್ಟು ಹೊತ್ತು ನಿಂತಿತು, ಆಮೇಲೆ ಎಂಟು. ಎಂಟಕ್ಕೆ ಬಂದು ಮೂರು ವಾರ ಅಲ್ಲೇ ನಿಂತುಬಿಟ್ಟಿತು.

"ಅಕ್ಕೋರ, ನಿಮಗ ಖರೇನ ಏನ್ ಹಿಡೀಬೇಕಾಗೇದ?" ಎಂದು ಕೇಳಿದಳು ಒಂದು ಭಾನುವಾರ.

ಹೇಳಿದೆ. ಅಲ್ಲಿಯವರೆಗೆ ಅವಳಿಗೆ ನಾನು ಹೇಳಿರಲಿಲ್ಲ. ಪೂಜೆ ಬೇರೆ, ಚಿಕಿತ್ಸೆ ಬೇರೆ ಎಂದುಕೊಂಡಿದ್ದೆ.

"ಹಂಗಾದ್ರ ಅದನ್ನೇ ಹಿಡೀರಿ. ನಿಂಬಿಹಣ್ಣಿನ ಮ್ಯಾಲ ನಿಮಗ ಜೀವ ಇಲ್ಲ. ಬಿದ್ರ ಬೀಳ್ಲಿ ಅಂತೀರಿ, ಮಿದುಳಿಗೂ ಅದು ತಿಳೀತದ."

"ಅದು ಬೀಳಬಾರದವ್ವಾ," ಅಂದೆ.

"ಕೆಳಗೊಂದು ಕೈ ಇಟ್ರಾತು."

ಆ ಕೈ ಮನೆಯವರದು ಎಂದು ನಿಶ್ಚಯವಾಯಿತು. ಅವರೂ ಲಿಂಗ ಕಟ್ಟಿಕೊಂಡವರು, ಗಂಡ, ಯಾರೂ ಏನೂ ಅನ್ನುವಂತಿಲ್ಲ. ನನ್ನ ಎಡ ಅಂಗೈಯ ಕೆಳಗೆ ತಮ್ಮ ಅಂಗೈ ಹಿಡಿದರು. ಆದರೆ ಆ ಕೈಗೆ ಸುಮ್ಮನಿರುವುದು ಬರಲಿಲ್ಲ. ನನ್ನ ಬೆರಳು ಸ್ವಲ್ಪ ತಡವರಿಸಿದರೆ ಸಾಕು, ಮೇಲಕ್ಕೆ ಬಂದು ಅವನ್ನು ಬಿಡಿಸಿ, ಲಿಂಗವನ್ನು ಸರಿಮಾಡಿ ಹಿಡಿದುಬಿಡುತ್ತಿತ್ತು. ಸಹಾಯ ಮಾಡಬ್ಯಾಡ್ರಿ ಅಂದಳು ಹುಡುಗಿ. ಹೂಂ ಅಂದು ಮತ್ತೆ ಮಾಡಿದರು. ಒಂದು ವಾರ ಹೀಗೇ ನಡೆಯಿತು. ಪೂಜೆಯನ್ನೆಲ್ಲ ಅವರ ಕೈಯೇ ಮಾಡಿತು, ನನ್ನದು ಮೇಲೆ ಮಲಗಿತ್ತು.

"ನಿಮ್ಮ ಕೈಲೆ ಆಗಂಗಿಲ್ಲ, ಬಿಡ್ರಿ," ಎಂದೆ ಮುಂದಿನ ಭಾನುವಾರ.

ಹುಡುಗಿ, "ನಾ ಹಿಡೀಲೇನ್ರಿ?" ಎಂದು ಕೇಳಿದಳು. ಅವಳ ಕೈಗೆ ಸುಮ್ಮನಿರುವುದೇ ಕೆಲಸ, ಅದರ ತರಬೇತಿ ಇದ್ದ ಕೈ ಅದು.

ಮನೆಯವರು ಬೀರುವಿನ ಕಡೆ ನೋಡಿ, "ಅದು ಬ್ಯಾರೆಯವರ ಕೈಗೆ ತಾಗೂವಂಗಿಲ್ಲ. ಯಾರದೇ ಇರಲಿ, ಅದಕ್ಕ ಹೇಳಾಕತ್ತೀನಿ," ಅಂದರು. ಯಾರದೇ ಇರಲಿ ಎಂಬ ಮಾತನ್ನು ಅವರು ಸೇರಿಸಿದ್ದರಿಂದಲೇ ಅದು ಯಾರ ಕೈ ಎಂಬುದು ಕೋಣೆಯಲ್ಲಿದ್ದ ಮೂವರಿಗೂ ನೆನಪಾಯಿತು. ನಾನು ಅವರ ಮೇಲೆ ಹಾಕಿ ನುಣುಚಿಕೊಳ್ಳುವುದಿಲ್ಲ. ಕೇಳಿದ ಕೂಡಲೇ ನನ್ನ ಬಲಗೈ ಕೊರಳ ಕರಡಿಗೆಗೆ ಹೋಗಿ ಅದನ್ನು ಮುಚ್ಚಿ ಹಿಡಿದಿತ್ತು. ಆ ಕೈಗೆ ಯಾವ ಯಂತ್ರವೂ ಕಲಿಸಬೇಕಾಗಿರಲಿಲ್ಲ. ಹುಡುಗಿ ಅದನ್ನು ನೋಡಿದಳು. ಕೈಗಳನ್ನು ನೋಡುವುದೇ ಅವಳ ಉದ್ಯೋಗ.

"ಇರಲಿ ಬಿಡ್ರಿ. ನಿಂಬಿಹಣ್ಣೇ ಮುಂದುವರಸೋಣ," ಎಂದು ಚೀಲ ಎತ್ತಿಕೊಂಡಳು.

ಆ ವಾರ ನನಗೆ ನನ್ನ ಮೇಲೇ ಹೇಸಿಕೆಯಾಯಿತು. ನಾಚಿಕೆ ಅಂದರೆ ಸಾಲದು. ಇಷ್ಟು ತಿಂಗಳಿಂದ ನನ್ನ ಬಾಯಿಂದ ಜೊಲ್ಲು ಸೋರಿದರೆ ಅವಳೇ ಒರೆಸಿದ್ದಳು, ಸೀರೆ ಸರಿದರೆ ಅವಳೇ ಎಳೆದಿದ್ದಳು, ಆಗ ಯಾರ ಪೈಕಿ ಎಂಬುದು ನನಗೆ ನೆನಪಿರಲಿಲ್ಲ. ಇದೂ ಅಲ್ಲದೆ ಯಂತ್ರವನ್ನು ತಿಂಗಳ ಕೊನೆಗೆ ವಾಪಸ್ಸು ಕೊಡಬೇಕಿತ್ತು, ಇನ್ನೊಬ್ಬ ರೋಗಿ ಕಾಯುತ್ತಿದ್ದರು. ಉಳಿದದ್ದು ಎರಡು ಭಾನುವಾರ. ನಾನು ಒಳ್ಳೆಯವಳಾದದ್ದರಿಂದ ಮನಸ್ಸು ಬದಲಿಸಿದೆನೋ, ಕೈ ಬೇಕೆಂಬ ಆಸೆಗೆ ಬದಲಿಸಿದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಎರಡೂ ಇತ್ತು. ಶನಿವಾರ ಮನೆಯವರಿಗೆ ಹೇಳಿದೆ.

"ನಾಳೆ ಆಕಿ ಹಿಡೀತಾಳ. ನೀವು ನೋಡಾಕ ಆಗಲಿಕ್ಕಂದ್ರ ಅಂಗಡಿಗೆ ಹೋಗ್ರಿ."

"ನಿನಗ ಹ್ಯಾಂಗ ಬೇಕೋ ಹಂಗ ಮಾಡು," ಅಂದರು. ಅಂಗಡಿಗೆ ಹೋಗಲಿಲ್ಲ.

ಭಾನುವಾರ ಹುಡುಗಿ ಬಂದಾಗ ನಾನೇ, "ಹೋದ ವಾರ ನನ್ನ ಕೈ ತಪ್ಪು ಮಾಡ್ತು, ನನ್ನದೂ ತಪ್ಪು. ಇವತ್ತು ನೀನೇ ಹಿಡಿಯವ್ವಾ," ಎಂದೆ. ಅವಳು ಮನೆಯವರ ಮುಖ ನೋಡಿದಳು. ಅವರು ಬೀರುವಿನ ಕಡೆ ತಿರುಗಿದರು. ಅವಳು ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. ಕ್ಲಿಪ್ಪು ಹಾಕಿದಳು. ಗುಂಡಿಯನ್ನು ನನ್ನ ಬಲ ಮೊಣಕಾಲಿನ ಹತ್ತಿರ ಇಟ್ಟು, ಬೆರಳು ಬಿಚ್ಚಿದಾಗ ನೀವೇ ಒತ್ತಬೇಕು ಅಂದಳು. ನನ್ನ ಎಡಗೈಯ ಬೆರಳುಗಳನ್ನು ಬಿಡಿಸಿ, ಅದರ ಕೆಳಗೆ ಒಂದು ಬೆರಳಿನಷ್ಟು ಅಂತರ ಬಿಟ್ಟು ತನ್ನ ಅಂಗೈ ಹಿಡಿದಳು. ತಾಗಿಸಲಿಲ್ಲ. ನಾನು ಲಿಂಗವನ್ನು ಇಟ್ಟುಕೊಂಡೆ.

ಅವಳು ಎಣಿಸತೊಡಗಿದಳು. ಎಂಟು ದಾಟಿತು, ಒಂಬತ್ತು ದಾಟಿತು. ಹತ್ತಕ್ಕೆ ಕಿರುಬೆರಳು ಸೋತು ಅಂಗೈ ಒಂದು ಬದಿಗೆ ವಾಲಿತು. ಲಿಂಗ ಜಾರಿ ಅವಳ ಅಂಗೈಗೆ ಬಿತ್ತು.

ಇಷ್ಟು ದಿನ ಅಲುಗಾಡದಿದ್ದ ಆ ಕೈ ಮುಚ್ಚಿ ಹಿಡಿಯಬೇಕೋ ತೆರೆದೇ ಇಡಬೇಕೋ ತಿಳಿಯದೆ ಅರ್ಧ ಮಡಚಿ ನಿಂತಿತು. ಮನೆಯವರು ಎದ್ದರು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದು ನಿಂತರು, ಇನ್ನೊಂದು ಕೈಯಲ್ಲಿ ತಟ್ಟೆ ಇತ್ತು. ಲಿಂಗ ತೊಳೆಯಲಿಕ್ಕೆ. ಹುಡುಗಿ ತಂಬಿಗೆ ನೋಡಿದಳು. ಮುಖ ಬದಲಾಗಲಿಲ್ಲ. ರೋಗಿಗಳೊಡನೆ ಮಾತಾಡುವ ದನಿಯಲ್ಲೇ, "ಸರ್, ಎಲ್ಲಿ ಇಡ್ಲಿರಿ?" ಎಂದು ತಟ್ಟೆಯ ಕಡೆ ಕೈ ಚಾಚಿದಳು.

"ಎಲ್ಲೂ ಇಡಬ್ಯಾಡ," ಅಂದೆ. "ತೊಳಿಯೂದೇನೂ ಬ್ಯಾಡ. ನಿನ್ನ ಕೈಲೆ ತಂದು ನನ್ನ ಕೈಯಾಗ ಇಡು."

"ಅ..." ಎಂದು ಏನೋ ಹೇಳಲು ಹೋದರು ಮನೆಯವರು.

"ನೀವು ಸುಮ್ನಿರ್ರಿ," ಅಂದೆ.

ಎಡಗೈ ಚಾಚಿದೆ. ಚಾಚಿದ ಮೇಲೆ ನೆನಪಾಯಿತು, ಕಾಯಿಲೆ ಬಿದ್ದ ಮೇಲೆ ಅದನ್ನು ಬಲಗೈಯಿಂದ ಬಿಡಿಸದೆ ಯಾವತ್ತೂ ಚಾಚಿರಲಿಲ್ಲ. ಪೂರ್ತಿ ತೆರೆದಿರಲಿಲ್ಲ, ಹೆಬ್ಬೆರಳು ಇನ್ನೂ ಅಡ್ಡ ಮಲಗಿತ್ತು. ನಾಲ್ಕು ಬೆರಳು ಬಿಚ್ಚಿದ್ದವು. ಹುಡುಗಿ ಹೆಬ್ಬೆರಳ ಪಕ್ಕದ ಆ ಜಾಗದಲ್ಲಿ ಲಿಂಗವನ್ನು ಇಟ್ಟಳು. ಅವಳ ಕೈಯ ಬಿಸಿ ಅದಕ್ಕೆ ಹತ್ತಿತ್ತು. ನಾನು ಗುಂಡಿ ಒತ್ತಿದೆ.

ಅವಳು ಮತ್ತೆ ಕೆಳಗೆ ಅಂಗೈ ಹಿಡಿದು ಎಣಿಸತೊಡಗಿದಳು. ಮನೆಯವರು ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಹತ್ತು ದಾಟಿತು. ಹನ್ನೊಂದು, ಹನ್ನೆರಡು. ಹದಿನಾಲ್ಕು ಅಂದಾಗ ತಂಬಿಗೆ ನೆಲದ ಮೇಲೆ ಇಟ್ಟ ಸದ್ದು ಕೇಳಿತು, ಆಮೇಲೆ ಮೊಣಕಾಲು ಹಿಡಿದುಕೊಂಡು ಅವರು ನಮ್ಮ ಪಕ್ಕದಲ್ಲಿ ಕೂತರು.